ನಾಲ್ಕು ಕೋರ್‌ಗೆ ನಾನು ಕೊಟ್ಟ ಸರ್ಟಿಫಿಕೇಟ್

ನಾನು ಇಪ್ಪತ್ತೇಳು ವರ್ಷ ಒಂದು ವಿದ್ಯಾಸಂಸ್ಥೆಯ ಟ್ರಸ್ಟಿನಲ್ಲಿ ಕಂಪ್ಯೂಟರ್ ತಂತ್ರಜ್ಞೆಯಾಗಿ ಕೆಲಸ ಮಾಡಿದೆ. ಟ್ರಸ್ಟಿನ ಕಚೇರಿ ಸಕಲೇಶಪುರದಲ್ಲಿ. ಶಾಲೆಗಳು ಆನೇಮಹಲ್‌ನಿಂದ ಪಾಳ್ಯದವರೆಗೆ ಹರಡಿಕೊಂಡಿದ್ದವು. ಒಟ್ಟು ಏಳು ಶಾಲೆ, ಏಳಕ್ಕೂ ನಾನೊಬ್ಬಳೇ. ಹುದ್ದೆಯ ಹೆಸರು ಮೂರು ಸಲ ಬದಲಾಯಿತು, ಕೆಲಸ ಮಾತ್ರ ಅದೇ ಇತ್ತು. ಹೊಸ ಕಂಪ್ಯೂಟರ್ ಕೊಳ್ಳುವಾಗ ಯಾವುದು ಒಳ್ಳೆಯದೆಂದು ಪರೀಕ್ಷೆ ಮಾಡಿ ಹೇಳಬೇಕು, ಕೊಂಡದ್ದು ಕೆಟ್ಟರೆ ರಿಪೇರಿ ಮಾಡಬೇಕು.

ಹೋದ ವರ್ಷ ನಿವೃತ್ತಳಾದೆ. ನನ್ನ ಜಾಗಕ್ಕೆ ಈಗ ಇಬ್ಬರು ಹುಡುಗಿಯರನ್ನು ತೆಗೆದುಕೊಂಡಿದ್ದಾರೆ. ಇಬ್ಬರೂ ಒಂದು ಭಾನುವಾರ ಮನೆಗೆ ಬಂದು, "ಮೇಡಂ, ಪ್ರೊಸೆಸರ್ ಹೋಲಿಸೋ ಪದ್ಧತಿ ಹೆಂಗೆ ಅಂತ ಸ್ವಲ್ಪ ಬರ್ದು ಕೊಡಿ" ಎಂದರು. ಬರೆದರೆ ಅರ್ಧ ಪುಟವಾಯಿತು. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೋದರು. ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಆ ಅರ್ಧ ಪುಟದ ಒಂದೊಂದು ಸಾಲಿಗೂ ನಾನು ಒಂದೊಂದು ತಪ್ಪು ಮಾಡಿದ್ದೇನೆ. ತಪ್ಪುಗಳನ್ನು ಬಿಟ್ಟು ಸಾಲುಗಳನ್ನಷ್ಟೇ ಕೊಟ್ಟರೆ ಅವರಿಗೆ ಏನೂ ಕೊಟ್ಟಂತಾಗುವುದಿಲ್ಲ ಅನ್ನಿಸಿತು.

ನನ್ನ ಮೊದಲ ಮೇಲಧಿಕಾರಿ ಸುಬ್ಬರಾಯರು. ಸೈನ್ಯದಲ್ಲಿ ವೈರ್‌ಲೆಸ್ ರಿಪೇರಿ ಮಾಡಿ ನಿವೃತ್ತರಾಗಿ ಬಂದವರು. ಮಾತು ಕಡಿಮೆ. ನಾನು ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಸೇರಿದ ಮೊದಲ ತಿಂಗಳಲ್ಲೇ ಯಾರೋ ದಾನಿಗಳು ಎರಡು ಹಳೆಯ ಕಂಪ್ಯೂಟರ್ ಕೊಟ್ಟರು. ಬೇಗ ಓಡುವುದು ಕಚೇರಿಗೆ, ಇನ್ನೊಂದು ಶಾಲೆಗೆ ಎಂದು ತೀರ್ಮಾನವಾಗಿತ್ತು. ಸುಬ್ಬರಾಯರು ಪರೀಕ್ಷೆ ಮಾಡಲು ನನಗೆ ಹೇಳಿದರು. ಎರಡರಲ್ಲೂ ಒಂದೇ ಅಂಕಪಟ್ಟಿ ತೆರೆದು, ಕೈಗಡಿಯಾರ ನೋಡಿ ಅಳೆದೆ. ಎಡಗಡೆಯದು ಬಲಗಡೆಯದಕ್ಕಿಂತ ಅರ್ಧ ಹೊತ್ತಿನಲ್ಲಿ ತೆರೆಯಿತು. "ಎಡಗಡೆಯದರ ಪ್ರೊಸೆಸರ್ ಉತ್ತಮ" ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ.

ಸುಬ್ಬರಾಯರು ಓದಿದರು. ಎರಡೂ ಪೆಟ್ಟಿಗೆ ಬಿಚ್ಚಿ, ಎಡಗಡೆಯದರ ಮೆಮೊರಿ ಪಟ್ಟಿಯನ್ನು ಬಲಗಡೆಯದಕ್ಕೂ ಬಲಗಡೆಯದನ್ನು ಎಡಗಡೆಯದಕ್ಕೂ ಹಾಕಿದರು. "ಈಗ ಅಳೆ" ಎಂದರು. ಅಳೆದೆ. ಈಗ ಬಲಗಡೆಯದು ಗೆದ್ದಿತು.

"ಹೇಳು ತಾಯಿ, ಅವಾಗ ನೀನು ಅಳೆದದ್ದು ಪ್ರೊಸೆಸರೋ ಮೆಮೊರಿಯೋ?"

ನಾನು ರಿಜಿಸ್ಟರ್ ಎಳೆದುಕೊಂಡು ಆ ಸಾಲನ್ನು ಹೊಡೆದುಹಾಕಿದೆ.

"ಒಂದು ಸಲಕ್ಕೆ ಒಂದೇ ಬದಲಾಯಿಸು. ಎರಡು ಬದಲಾಯಿಸಿದ್ರೆ ನಿನಗೆ ಉತ್ತರ ಸಿಗಲ್ಲ, ಜಗಳ ಸಿಗುತ್ತೆ" ಎಂದು ಹೇಳಿ ಚಹಾ ಕುಡಿಯಲು ಹೋದರು. ಅವರು ನನಗೆ ಮಾಡಿದ ಪಾಠ ಇದೊಂದೇ. ಎರಡು ವರ್ಷಕ್ಕೆ ಕೆಲಸ ಬಿಟ್ಟರು.

ಎರಡನೆಯ ಸಾಲು ಆನೇಮಹಲ್‌ನಲ್ಲಿ ಸಿಕ್ಕಿತು. ನಮ್ಮ ಶಾಲೆ ಹೆದ್ದಾರಿಯ ಪಕ್ಕದಲ್ಲೇ. ಆಗ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಅಲ್ಲಿನ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿ, "ಬೆಳಿಗ್ಗೆ ಚೆನ್ನಾಗೇ ಓಡ್ತವೆ ಮೇಡಂ, ಮೂರನೇ ಪೀರಿಯಡ್ ಹೊತ್ಗೆ ಕತ್ತೆ ಆಗ್ಬುಡ್ತವೆ" ಎಂದರು. ನಾನು ಮೊದಲ ಬಸ್ಸಿಗೆ ಹೋಗಿ, ಯಂತ್ರದ ವೇಗಕ್ಕೆ ಅಂಕ ಕೊಡುವ ಪರೀಕ್ಷೆಯ ತಂತ್ರಾಂಶ ಓಡಿಸಿ, ಅಂಕ ಸರಿಯಾಗಿದೆ ಎಂದು ಬರೆದು, ಹತ್ತು ಗಂಟೆಯ ಬಸ್ಸಿಗೆ ವಾಪಸಾಗುತ್ತಿದ್ದೆ. ಹೀಗೆ ಮೂರು ಸಲ ಹೋಗಿ ಬಂದೆ. ಮೂರನೆಯ ಸಲ ಮೇಷ್ಟ್ರ ಮುಖ ಸಣ್ಣಗಾಗಿತ್ತು. ನಾಲ್ಕನೆಯ ಸಲ ಬಸ್ಸು ತಪ್ಪಿತು. ಬೇರೆ ದಾರಿಯಿಲ್ಲದೆ ಲ್ಯಾಬಿನಲ್ಲೇ ಕುಳಿತೆ. ಹನ್ನೊಂದೂವರೆಯ ಹೊತ್ತಿಗೆ ನನ್ನ ಕಣ್ಣೆದುರೇ ಎಲ್ಲ ಯಂತ್ರಗಳೂ ತೆವಳತೊಡಗಿದವು. ಒಂದನ್ನು ಬಿಚ್ಚಿದರೆ ಪ್ರೊಸೆಸರ್ ಮೇಲಿನ ಫ್ಯಾನಿನಲ್ಲಿ ಕೆಂಪು ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಪ್ರೊಸೆಸರ್ ಬಿಸಿಯೇರಿದರೆ ಸುಟ್ಟುಹೋಗದಿರಲೆಂದು ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ ಐದು ನಿಮಿಷ ಓಡಿಸಿ ನೋಡಿದರೆ ಅದು ಗೊತ್ತಾಗುವುದು ಹೇಗೆ?

ಅವತ್ತಿನಿಂದ ಯಾವ ಯಂತ್ರವನ್ನು ಪರೀಕ್ಷಿಸಿದರೂ, ಮುಚ್ಚಳ ಮುಚ್ಚಿ, ಅದು ಇರಬೇಕಾದ ಕೋಣೆಯಲ್ಲೇ ಇಟ್ಟು, ಕನಿಷ್ಠ ಎರಡು ಗಂಟೆ ಓಡಿಸುತ್ತಿದ್ದೆ. ಇಷ್ಟಾದ ಮೇಲೆ ನನಗೆ ಈ ಕೆಲಸ ಪೂರ್ತಿ ಬಂದಿದೆ ಎಂದೇ ತಿಳಿದುಕೊಂಡಿದ್ದೆ.

ನಿವೃತ್ತಿಗೆ ಐದಾರು ವರ್ಷ ಇರುವಾಗ ಟ್ರಸ್ಟು ಏಳೂ ಶಾಲೆಗಳ ಹಳೆಯ ಕಂಪ್ಯೂಟರ್‌ಗಳನ್ನು ತೆಗೆದು ಹೊಸದು ಹಾಕಲು ತೀರ್ಮಾನಿಸಿತು. ಕಡಿಮೆ ಬೆಲೆಯವೇ ಆಗಬೇಕು. ಅಂಗಡಿಯವರು ಎರಡು ಮಾದರಿ ತಂದಿಟ್ಟರು. ಬೆಲೆ ಹೆಚ್ಚುಕಮ್ಮಿ ಒಂದೇ. ಒಂದರಲ್ಲಿ ಎರಡು ಕೋರ್‌ನ ಪ್ರೊಸೆಸರ್, ಇನ್ನೊಂದರಲ್ಲಿ ನಾಲ್ಕು ಕೋರ್‌ನದು. ಕೋರ್ ಎಂದರೆ ಪ್ರೊಸೆಸರಿನೊಳಗೆ ಕೆಲಸ ಮಾಡುವ ಆಳು ಅಂದುಕೊಳ್ಳಿ. ಎರಡು ಕೋರ್‌ನದರಲ್ಲಿ ಇಬ್ಬರು ಚುರುಕು ಆಳುಗಳು. ನಾಲ್ಕು ಕೋರ್‌ನದರಲ್ಲಿ ನಾಲ್ವರು, ಆದರೆ ಒಬ್ಬೊಬ್ಬರೂ ಸ್ವಲ್ಪ ಸಾವಧಾನದವರು. ಎರಡು ಕೋರ್‌ನದು ಬಿಸಿಯಾಗುತ್ತಿತ್ತು, ಅದಕ್ಕೆ ಫ್ಯಾನ್ ಬೇಕು. ನಾಲ್ಕು ಕೋರ್‌ನದು ತಣ್ಣಗೆ ಓಡುವುದು, ಫ್ಯಾನೇ ಇಲ್ಲ.

ಎರಡಕ್ಕೂ ಒಂದೇ ಅಳತೆಯ ಮೆಮೊರಿ, ಒಂದೇ ಬಗೆಯ ಡಿಸ್ಕ್ ಹಾಕಿಸಿದೆ. ಆನೇಮಹಲ್‌ನ ಲ್ಯಾಬಿನಲ್ಲೇ ಎರಡು ದಿನ ಓಡಿಸಿದೆ. ಪರೀಕ್ಷೆಯ ಅಂಕದಲ್ಲಿ ನಾಲ್ಕು ಕೋರ್‌ನದೇ ಮುಂದು. ಹತ್ತು ಕೆಲಸ ಒಟ್ಟಿಗೆ ಕೊಟ್ಟರೂ ಅದೇ ಮುಂದು. ಫ್ಯಾನ್ ಇಲ್ಲದ್ದರಿಂದ ಧೂಳಿನ ಕಾಟವಿಲ್ಲ. ಪಾಳ್ಯಕ್ಕೂ ಒಯ್ದು ನೋಡಿದೆ, ಅಲ್ಲಿ ಕರೆಂಟು ಹೋದಾಗ ಬ್ಯಾಟರಿಯ ಮೇಲೆ ದುಪ್ಪಟ್ಟು ಹೊತ್ತು ನಿಂತಿತು. ವರದಿ ಬರೆಯಲು ಹೆಚ್ಚು ಯೋಚಿಸಬೇಕಾಗಿರಲಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಮಲ್ಲೇಶಗೌಡರು ಕಾಫಿ ಬೆಳೆಗಾರರು. ಕಾಫಿ ಕೊಯ್ಲಿನ ಕಾಲದಲ್ಲಿ ಅವರು ಕಚೇರಿಗೆ ಬರುವುದಿಲ್ಲ, ನಾವೇ ಅವರ ಎಸ್ಟೇಟಿಗೆ ಹೋಗಬೇಕು. ಅವರು ಕಣದಲ್ಲಿ ಒಣಹಾಕಿದ ಕಾಫಿಯನ್ನು ಕಾಲಲ್ಲಿ ತಿರುವುತ್ತಾ ನಡೆಯುತ್ತಿದ್ದರು. ವರದಿ ಕೊಟ್ಟೆ. ಕನ್ನಡಕ ತಂದಿರಲಿಲ್ಲ, ನನ್ನನ್ನೇ ಓದಲು ಹೇಳಿದರು.

"ನಾಕು ಆಳು ಎರಡಾಳ್ಗಿಂತ ಜಾಸ್ತಿನೇ ಕುಯ್ತಾರೆ. ಇದ್ರಾಗೆ ಪರೀಕ್ಷೆ ಮಾಡೋದು ಏನೈತಮ್ಮ?" ಎಂದು ನಕ್ಕರು.

"ಆದ್ರೂ ನೋಡ್ಬೇಕಲ್ಲ ಸಾರ್."

"ಸರಿ ಬಿಡು. ನೀನು ಹೇಳಿದ್ಮೇಲೆ ಮುಗೀತು. ನಾಕರದ್ದೇ ತರ್ಸು."

ತರಿಸಿದೆವು. ಏಳು ಶಾಲೆಗಳಲ್ಲೂ ಹಾಕಿದೆವು. ಎರಡು ಕೋರ್‌ನ ಮಾದರಿಯನ್ನು ಬಿಡಿಭಾಗಕ್ಕೆ ಬರಲಿ ಎಂದು ಅಂಗಡಿಯವರು ನಮಗೇ ಬಿಟ್ಟರು. ಅದು ಕಚೇರಿಯ ಬೀರುವಿಗೆ ಹೋಯಿತು. ಮಕ್ಕಳ ಲ್ಯಾಬುಗಳಲ್ಲಿ ಹೊಸ ಯಂತ್ರಗಳು ಚೆನ್ನಾಗಿ ನಡೆದವು. ಈಗಲೂ ನಡೆಯುತ್ತಿವೆ.

ನಾಲ್ಕು ತಿಂಗಳ ಮೇಲೆ ಬಾಳ್ಳುಪೇಟೆಯಿಂದ ಒಂದು ಪತ್ರ ಬಂತು. ಅಲ್ಲಿನ ನಮ್ಮ ಪ್ರೌಢಶಾಲೆಯ ಗುಮಾಸ್ತರು ಧರ್ಮಪ್ಪ. ನಲವತ್ತರ ಆಸುಪಾಸಿನವರು, ಹುಟ್ಟಿನಿಂದಲೇ ಕಣ್ಣು ಕಾಣದವರು. ಮೈಸೂರಿನಲ್ಲಿ ಅಂಧರ ಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು, ಹತ್ತು ವರ್ಷದಿಂದ ಆ ಶಾಲೆಯ ಪತ್ರವ್ಯವಹಾರ, ಹಾಜರಾತಿ, ಮಕ್ಕಳ ವರ್ಗಾವಣೆ ಪತ್ರ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತಾವೇ ಮಾಡುತ್ತಿದ್ದರು. ತೆರೆಯ ಮೇಲೆ ಬಂದದ್ದನ್ನು ಓದಿ ಹೇಳುವ ತಂತ್ರಾಂಶವೊಂದಿದೆ. ಒತ್ತಿದ ಅಕ್ಷರವನ್ನೂ ಅದು ಉಚ್ಚರಿಸುತ್ತದೆ. ಇಯರ್‌ಫೋನ್ ಹಾಕಿಕೊಂಡು ಅದನ್ನು ಕೇಳುತ್ತಾ ಅವರು ಟೈಪ್ ಮಾಡುತ್ತಿದ್ದ ವೇಗವನ್ನು ನೋಡಲೆಂದೇ ಮಕ್ಕಳು ಕಿಟಕಿಯಲ್ಲಿ ನಿಲ್ಲುತ್ತಿದ್ದರು.

ಹೆಡ್‌ಮಾಸ್ಟರು ಪತ್ರದಲ್ಲಿ ಬರೆದದ್ದು ಹೀಗಿತ್ತು: ಹೊಸ ಯಂತ್ರ ಮತ್ತು ಹೊಸ ತಂತ್ರಾಂಶ ಬಂದ ಮೇಲೆ ಧರ್ಮಪ್ಪನವರ ಕೆಲಸ ಬಹಳ ನಿಧಾನವಾಗಿದೆ, ತಪ್ಪುಗಳೂ ಬರುತ್ತಿವೆ. ಒಬ್ಬ ಹುಡುಗಿಯ ವರ್ಗಾವಣೆ ಪತ್ರದಲ್ಲಿ ಹುಟ್ಟಿದ ವರ್ಷ ತಪ್ಪಾಗಿ, ಅವಳಿಗೆ ಕಾಲೇಜು ಸೇರಲು ತೊಂದರೆಯಾಗಿದೆ. ಹೊಸದನ್ನು ಕಲಿಯಲು ಅವರಿಗೆ ಸಾಧ್ಯವಾಗುತ್ತಿಲ್ಲ.

ಹೆಡ್‌ಮಾಸ್ಟರು ಕೆಟ್ಟವರಲ್ಲ. ಹುಡುಗಿಯ ಅಪ್ಪ ಶಾಲೆಯ ಅಂಗಳದಲ್ಲಿ ನಿಂತು ಬೈದದ್ದು ಅವರನ್ನೇ. ಗೌಡರು ಆ ಪತ್ರವನ್ನು ನನಗೆ ಕೊಟ್ಟು, "ಅವ್ನ ಮೇಲೆ ಏನಾರ ಮಾಡೋಕ್ಮುಂಚೆ ಮಿಷನ್ ಒಂದು ನೋಡ್ಕೊಂಡು ಬಾರಮ್ಮ" ಎಂದರು. ನ್ಯಾಯವಾದ ಮಾತೇ.

ಹೋದೆ. ಧರ್ಮಪ್ಪ ಮೇಜಿನ ಮುಂದೆಯೇ ಇದ್ದರು. ನನ್ನ ಹೆಜ್ಜೆ ಕೇಳಿಯೇ, "ವನಜಾಕ್ಷಿ ಮೇಡಂ ಬಂದ್ರಾ? ಬನ್ನಿ, ತೋರಿಸ್ತೀನಿ" ಎಂದರು.

"ನೀವು ಸ್ವಲ್ಪ ಎದ್ದೇಳಿ ಧರ್ಮಪ್ಪನೋರೆ, ನಾನೇ ನೋಡ್ತೀನಿ" ಎಂದೆ.

ಅವರು ಎದ್ದು ಗೋಡೆಗೊರಗಿ ನಿಂತರು. ಇಯರ್‌ಫೋನ್ ಕಿತ್ತು ಪಕ್ಕಕ್ಕಿಟ್ಟೆ. ನನ್ನ ಪರೀಕ್ಷೆಗೆ ಅದು ಬೇಕಿರಲಿಲ್ಲ. ಮೆಮೊರಿ ನೋಡಿದೆ, ಡಿಸ್ಕ್ ನೋಡಿದೆ, ಮುಚ್ಚಳ ಮುಚ್ಚಿ ಎರಡು ಗಂಟೆ ಓಡಿಸಿದೆ. ಅಂಕ ಆನೇಮಹಲ್‌ನಲ್ಲಿ ಬಂದಷ್ಟೇ ಬಂತು. ಆ ಎರಡು ಗಂಟೆಯಲ್ಲಿ ಹೆಡ್‌ಮಾಸ್ಟರು ಕಾಫಿ ಕೊಟ್ಟರು, ಕುರ್ಚಿ ಹಾಕಿಸಿದರು. ಧರ್ಮಪ್ಪ ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದರು. ಅವರನ್ನು ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಏನ್ ಬಂತು ಮೇಡಂ?" ಎಂದು ಅವರೇ ಕೇಳಿದರು.

"ಏನೂ ತೊಂದ್ರೆ ಇಲ್ಲ. ಮಿಷನ್ ಚೆನ್ನಾಗೈತೆ."

"ಹಂಗಾದ್ರೆ ತೊಂದ್ರೆ ನಂದೇ" ಎಂದರು.

ನಾನು ಗಡಿಯಾರ ನೋಡಿದೆ. ಬಸ್ಸಿನ ಹೊತ್ತಾಗಿತ್ತು. "ಯಂತ್ರವನ್ನು ಪರೀಕ್ಷಿಸಲಾಗಿದೆ, ಯಾವುದೇ ದೋಷವಿಲ್ಲ" ಎಂದು ಬರೆದು ಸಹಿ ಹಾಕಿ ಹೆಡ್‌ಮಾಸ್ಟರ ಕೈಗೆ ಕೊಟ್ಟು ಹೊರಟೆ. ಆ ಕೆಲಸ ಮುಗಿಯಿತೆಂದೇ ತಿಳಿದಿದ್ದೆ. ಹದಿನೈದು ದಿನ ಅದನ್ನು ನೆನೆಯಲೂ ಇಲ್ಲ.

ಒಂದು ಮಧ್ಯಾಹ್ನ ಧರ್ಮಪ್ಪ ಸಕಲೇಶಪುರದ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಒಬ್ಬರೇ, ಕೈಯಲ್ಲಿ ಬಿಳಿ ಕೋಲು, ಹೆಗಲಿಗೊಂದು ಚೀಲ. ನಾನು ಕೈಹಿಡಿದು ಕೂರಿಸಿದೆ. ನೀರು ಕುಡಿದು ಹೇಳಿದರು. ಅವರನ್ನು ಗುಮಾಸ್ತರ ಮೇಜಿನಿಂದ ತೆಗೆದು ಮುಂದಿನ ಕೋಣೆಯಲ್ಲಿ ಫೋನ್ ಎತ್ತಲು ಕೂರಿಸಿದ್ದರು. ಸೇವಾ ಪುಸ್ತಕದಲ್ಲಿ ಒಂದು ಷರಾ ಬರೆದಿದ್ದರು: ಕಂಪ್ಯೂಟರ್ ಕೆಲಸಕ್ಕೆ ಸಮರ್ಥರಲ್ಲ, ಯಂತ್ರದಲ್ಲಿ ದೋಷವಿಲ್ಲವೆಂದು ತಂತ್ರಜ್ಞೆ ವನಜಾಕ್ಷಿಯವರು ದೃಢಪಡಿಸಿದ್ದಾರೆ.

"ನಿಮ್ಮ ಹೆಸ್ರು ಅದ್ರಾಗೆ ಐತಂತೆ. ಓದಿ ಹೇಳಿದ್ರು" ಎಂದರು. ಸಿಟ್ಟಿನ ಸ್ವರವಲ್ಲ. "ಮೇಡಂ, ನೀವು ಮಿಷನ್ ನೋಡಿದ್ರಿ. ನಾನು ಕೆಲ್ಸ ಮಾಡೋದನ್ನ ನೋಡ್ಲಿಲ್ಲ."

ನನಗೆ ಕೋಪ ಬಂತು. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಇವರು ಹೇಳಿಕೊಡುವುದೇ ಎನ್ನುವ ಕೋಪ. ಅದನ್ನು ಮುಚ್ಚಿಟ್ಟುಕೊಂಡು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. "ಎರಡು ಗಂಟೆ ಟೆಸ್ಟ್ ಮಾಡಿದೀನಿ ಧರ್ಮಪ್ಪನೋರೆ" ಎಂದೆ.

ಅವರು ಚೀಲದಿಂದ ಮೊಬೈಲ್ ತೆಗೆದರು. "ನನ್ನ ಟೇಬಲ್ಲಿಂದ ಎಬ್ಬಿಸೋ ಹಿಂದಿನ ದಿನ ಇದನ್ನ ರೆಕಾರ್ಡ್ ಮಾಡಿಟ್ಕೊಂಡಿದ್ದೆ. ಒಂದು ನಿಮಿಷ ಕಣ್ಣು ಮುಚ್ಕೊಂಡು ಕೇಳಿ. ಕಣ್ಣು ಬಿಟ್ಕೊಂಡಿದ್ರೆ ಗೊತ್ತಾಗಲ್ಲ."

ಮುಚ್ಚಿಕೊಂಡೆ. ಕೀಲಿ ಒತ್ತಿದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಇನ್ನೊಂದು ಕೀಲಿ, ಮತ್ತೊಂದು ಕೀಲಿ. ಆಗ ಯಂತ್ರದ ದನಿ ಮೊದಲನೆಯ ಅಕ್ಷರವನ್ನು ಹೇಳಿತು.

"ನಾನು 'ಮ' ಒತ್ತಿದೀನಿ. ಅದು 'ಮ' ಅನ್ನೋ ಹೊತ್ಗೆ ನನ್ನ ಬೆರಳು ಎರಡಕ್ಷರ ಮುಂದೆ ಹೋಗ್ಬುಟ್ಟಿರ್ತವೆ. ತಪ್ಪಾಯ್ತು ಅಂತ ಅದು ಹೇಳೋ ಹೊತ್ಗೆ ನಾನೆಲ್ಲಿದೀನಿ ಅಂತ ನಂಗೇ ಗೊತ್ತಿರಲ್ಲ."

"ಸ್ವಲ್ಪ ನಿಧಾನಕ್ಕೆ ಒತ್ತಬಹುದಲ್ವಾ?" ಎಂದು ಕೇಳಿದೆ. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು.

"ನಿಧಾನಕ್ಕೆ ಒತ್ತಿದ್ರೆ ನಿಧಾನ ಅಂತ ಬರೀತಾರೆ. ಬೇಗ ಒತ್ತಿದ್ರೆ ತಪ್ಪು ಅಂತ ಬರೀತಾರೆ. ನಾನು ಯಾವ್ದ ಮಾಡ್ಲಿ ಹೇಳಿ ಮೇಡಂ."

ಬೀರು ತೆಗೆದೆ. ಎರಡು ಕೋರ್‌ನ ಮಾದರಿಯನ್ನು ಹೊರಗಿಟ್ಟೆ. ಪಕ್ಕದಲ್ಲಿ ನಾಲ್ಕು ಕೋರ್‌ನದೊಂದನ್ನು ಇಟ್ಟೆ. ಅದೇ ಮೆಮೊರಿ, ಒಂದೇ ಡಿಸ್ಕಿನ ಪಡಿಯಚ್ಚು, ಅದೇ ಹೊಸ ತಂತ್ರಾಂಶ, ಅದೇ ಓದುವ ದನಿ. ಯಾವುದು ಯಾವುದೆಂದು ಹೇಳದೆ ಒಂದೊಂದರಲ್ಲೂ ಒಂದು ಸಾಲು ಟೈಪ್ ಮಾಡಲು ಹೇಳಿದೆ. ಮೊದಲನೆಯದರಲ್ಲಿ ನಾಲ್ಕನೆಯ ಅಕ್ಷರಕ್ಕೆ ಅವರ ಕೈ ತಡೆಯಿತು. ಎರಡನೆಯದರಲ್ಲಿ ಒಂದು ಸಾಲು ಹೇಳಿದರೆ ನಾಲ್ಕು ಸಾಲು ಹೊಡೆದರು. ನಿಲ್ಲಿಸಲು ನಾನೇ ಹೇಳಬೇಕಾಯಿತು.

"ಇದು" ಎಂದರು.

ಅದು ಎರಡು ಕೋರ್‌ನದು. ಅದಲುಬದಲು ಮಾಡಿ ಮತ್ತೆ ನಾಲ್ಕು ಸಲ ಕೊಟ್ಟೆ. ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಅವೇ ಎರಡು ಯಂತ್ರಗಳಲ್ಲಿ ನನ್ನ ಪರೀಕ್ಷೆಯ ತಂತ್ರಾಂಶವನ್ನು ಓಡಿಸಿದೆ. ಅಂಕದಲ್ಲಿ ನಾಲ್ಕು ಕೋರ್‌ನದೇ ಗೆದ್ದಿತು, ಮೊದಲಿನ ಹಾಗೆಯೇ.

ಕಾರಣ ಕಷ್ಟದ್ದಲ್ಲ. ಒತ್ತಿದ ಒಂದು ಅಕ್ಷರವನ್ನು ತೆಗೆದುಕೊಂಡು ದನಿಯಾಗಿ ಹೊರಡಿಸುವ ಕೆಲಸವನ್ನು ನಾಲ್ಕು ಕೋರ್‌ಗೆ ಹಂಚಲು ಬರುವುದಿಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ಕೋರ್ ಮಾಡಬೇಕು. ಹಳೆಯ ತಂತ್ರಾಂಶದಲ್ಲಿ ಆ ಕೆಲಸ ಹಗುರವಾಗಿತ್ತು, ಹೊಸದರಲ್ಲಿ ಭಾರ. ಉಳಿದ ಮೂರು ಕೈಕಟ್ಟಿ ಕೂತಿರುತ್ತವೆ. ಆ ಒಂದು ಕೋರ್ ಎಷ್ಟು ಚುರುಕೋ ಧರ್ಮಪ್ಪನವರಿಗೆ ಯಂತ್ರ ಅಷ್ಟೇ ಚುರುಕು. ಪರೀಕ್ಷೆಯ ತಂತ್ರಾಂಶ ನಾಲ್ಕನ್ನೂ ಕೂಡಿಸಿ ಒಟ್ಟು ಅಂಕ ಹೇಳುತ್ತಿತ್ತು, ನಾನು ಒಟ್ಟು ಅಂಕವನ್ನೇ ನೋಡುತ್ತಿದ್ದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೇ ಕೋರ್‌ನ ಅಂಕವೂ ಬರುತ್ತಿತ್ತು. ಅದರಲ್ಲಿ ಎರಡು ಕೋರ್‌ನದು ಬಹಳ ಮುಂದಿತ್ತು. ಆ ಸಾಲು ನನ್ನ ಮೊದಲ ವರದಿಯ ಹಾಳೆಯಲ್ಲೂ ಇತ್ತು. ಓದಿರಲಿಲ್ಲ.

ಮಾರನೆಯ ದಿನ ಗೌಡರ ಎಸ್ಟೇಟಿಗೆ ಹೋದೆ. ಸ್ಟೋರಿನ ಮುಂದೆ ಮೂಟೆ ಎಣಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ನೀನೇ ಬರ್ಕೊಟ್ಟಿದ್ದಲ್ಲಮ್ಮ, ದೋಷ ಇಲ್ಲ ಅಂತ?"

"ಹೌದು ಸಾರ್. ತಪ್ಪು ಬರ್ದೆ."

"ಹಂಗಾದ್ರೆ ಮಿಷನ್ ಕೆಟ್ಟೈತಾ?"

"ಕೆಟ್ಟಿಲ್ಲ ಸಾರ್. ಅವರ ಕೆಲ್ಸಕ್ಕೆ ಅದು ಸರಿಯಾದ್ದಲ್ಲ. ನಾನು ನೋಡ್ಬೇಕಾಗಿತ್ತು, ನೋಡ್ಲಿಲ್ಲ."

ಗೌಡರು ಮೂಟೆಯ ಮೇಲೆ ಕುಳಿತರು. "ಒಂದೇ ಗಿಡಕ್ಕೆ ನಾಕು ಆಳು ಬುಟ್ರೆ ಕೈಗೆ ಕೈ ತಗಲ್ತವೆ ಅಷ್ಟೆ, ಹಣ್ಣು ಬೇಗ ಬರಲ್ಲ. ಹಂಗೋ?"

"ಹಂಗೇ ಸಾರ್."

"ಅವತ್ತು ನಾನೂ ನಕ್ಕೊಂಡು ಸೈ ಅಂದ್ಬುಟ್ಟೆ." ಎದ್ದರು. "ನಾಳೆ ಬಾಳ್ಳುಪೇಟೆಗೆ ಹೋಗಣ. ಹೆಡ್‌ಮಾಸ್ಟ್ರ ಮುಂದೇನೇ ತೋರ್ಸು. ನಾನು ಹೇಳ್ದೆ ಅಂತ ಅವ್ರು ಒಪ್ಕೊಳ್ಳೋದು ಬ್ಯಾಡ, ನೋಡಿ ಒಪ್ಕೊಳ್ಳಲಿ."

ಮಾರನೆಯ ದಿನ ಬಾಳ್ಳುಪೇಟೆಯ ಕಚೇರಿ ಕೋಣೆಯಲ್ಲಿ ಎರಡೂ ಯಂತ್ರ ಜೋಡಿಸಿದೆ. ಧರ್ಮಪ್ಪ ಟೈಪ್ ಮಾಡಿದರು, "ಇದು" ಎಂದರು. ನಾನು ಗೆದ್ದೆನೆಂದುಕೊಂಡು ಹೆಡ್‌ಮಾಸ್ಟರ ಮುಖ ನೋಡಿದೆ. ಅವರು ತಲೆಯಾಡಿಸಲಿಲ್ಲ.

"ಒಂದು ಮಾತು ಕೇಳ್ತೀನಿ ಮೇಡಂ, ಬೇಜಾರ್ ಮಾಡ್ಕೋಬೇಡಿ. ಒಂದ್ರಾಗೆ ಫ್ಯಾನ್ ಐತೆ, ಒಂದ್ರಾಗೆ ಇಲ್ಲ. ಧರ್ಮಪ್ಪನೋರ ಕಿವಿ ಎಂಥಾ ಚುರುಕು ಅಂತ ನಂಗೊತ್ತು. ಫ್ಯಾನ್ ಸದ್ದು ಕೇಳಿದ್ರೆ ಸಾಕು, ಯಾವ್ದು ಯಾವ್ದು ಅಂತ ಅವ್ರಿಗೆ ಗೊತ್ತಾಗ್ಬುಡುತ್ತೆ. ಇದೆಂಥಾ ಪರೀಕ್ಷೆ?"

ನನ್ನ ಕಿವಿ ಬಿಸಿಯಾಯಿತು. ಸುಬ್ಬರಾಯರು ಬದುಕಿದ್ದು ಅಲ್ಲಿದ್ದಿದ್ದರೆ ಎದ್ದು ಚಹಾ ಕುಡಿಯಲು ಹೋಗುತ್ತಿದ್ದರು.

ಆಗ ಧರ್ಮಪ್ಪನೇ ನಕ್ಕುಬಿಟ್ಟರು. "ಸಾರ್ ಹೇಳೋದು ನಿಜ ಮೇಡಂ. ಫ್ಯಾನ್ ನಂಗೆ ಕೇಳ್ತಿತ್ತು. ಅದಕ್ಕೋಸ್ಕರ ಹೇಳಿದ್ದಲ್ಲ, ಆದ್ರೆ ಕೇಳ್ತಿತ್ತು."

"ಮತ್ತೇನ್ ಮಾಡಣ?" ಎಂದರು ಗೌಡರು.

ಪಕ್ಕದ ಉಪಾಧ್ಯಾಯರ ಕೋಣೆಗೂ ಕಚೇರಿಗೂ ನಡುವೆ ಒಂದು ಕಿಟಕಿಯಿತ್ತು. ಎರಡೂ ಪೆಟ್ಟಿಗೆಗಳನ್ನು ಆ ಕೋಣೆಗೆ ಹೊತ್ತುಕೊಂಡು ಹೋದೆವು. ಕೀಲಿಮಣೆಯ ಮತ್ತು ಇಯರ್‌ಫೋನಿನ ಉದ್ದದ ವೈರುಗಳನ್ನಷ್ಟೇ ಕಿಟಕಿಯಿಂದ ಈಚೆಗೆ ತಂದೆವು. ಎರಡೂ ಪೆಟ್ಟಿಗೆ ಓಡುತ್ತಲೇ ಇರಲಿ ಎಂದೆ. ಅದರ ಜೊತೆಗೆ ಆ ಕೋಣೆಯ ಸೀಲಿಂಗ್ ಫ್ಯಾನನ್ನೂ ಜೋರಾಗಿ ಹಾಕಿದೆ. "ಯಾವ ವೈರು ಯಾವುದಕ್ಕೆ ಅಂತ ನೀವೇ ಚುಚ್ಚಿ, ಚೀಟೀಲಿ ಬರ್ಕೊಳ್ಳಿ. ನಂಗೂ ಹೇಳ್ಬೇಡಿ" ಎಂದು ಹೆಡ್‌ಮಾಸ್ಟರಿಗೆ ಹೇಳಿ, ನಾನು ಗೌಡರ ಪಕ್ಕ ಬಂದು ಕುಳಿತೆ.

ಹೆಡ್‌ಮಾಸ್ಟರು ಹಳೆಯ ದಾಖಲಾತಿ ಪುಸ್ತಕದಿಂದ ಮಕ್ಕಳ ವಿವರ ಓದಿದರು. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ. ಧರ್ಮಪ್ಪ ವರ್ಗಾವಣೆ ಪತ್ರ ತುಂಬುತ್ತಾ ಹೋದರು. ಆರು ಮಕ್ಕಳದಾಯಿತು. ಪ್ರತಿ ಸಲವೂ ಹೆಡ್‌ಮಾಸ್ಟರು ಪಕ್ಕದ ಕೋಣೆಗೆ ಹೋಗಿ ವೈರು ಬದಲಾಯಿಸಿಯೋ, ಬದಲಾಯಿಸದೆಯೋ ಬರುತ್ತಿದ್ದರು. ಒಂದೊಂದು ಪತ್ರಕ್ಕೆ ಎಷ್ಟು ಹೊತ್ತಾಯಿತೆಂದು ಗೌಡರು ತಮ್ಮ ಗಡಿಯಾರ ನೋಡಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಧರ್ಮಪ್ಪನವರ ಬೆನ್ನಿನ ಮೇಲೆ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಹತ್ತು ವರ್ಷ ಮಾಡಿದ ಕೆಲಸವನ್ನು ಮೂರು ಜನರ ಮುಂದೆ ಪರೀಕ್ಷೆಯ ಹುಡುಗನ ಹಾಗೆ ಮಾಡಿ ತೋರಿಸಬೇಕಾಗಿ ಬಂದದ್ದು ನನ್ನ ಒಂದು ಸಹಿಯಿಂದ. ಅದನ್ನು ನೋಡುತ್ತಾ ಕೂರುವುದು ನನಗೆ ಕಷ್ಟವಾಯಿತು.

ಆರೂ ಮುಗಿದ ಮೇಲೆ ಹೆಡ್‌ಮಾಸ್ಟರು ಪತ್ರಗಳನ್ನು ಮುದ್ರಿಸಿ ತಂದರು. ಕೆಂಪು ಪೆನ್ನು ಹಿಡಿದು ಒಂದೊಂದನ್ನೂ ಪುಸ್ತಕದ ಜೊತೆ ತಾಳೆ ನೋಡಿದರು. ಮೂರರಲ್ಲಿ ಒಂದು ತಪ್ಪೂ ಇರಲಿಲ್ಲ, ಬೇಗ ಮುಗಿದವೂ ಅವೇ. ಉಳಿದ ಮೂರಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಹೊತ್ತು ಹಿಡಿದಿತ್ತು. ಅದರಲ್ಲಿ ಒಂದರಲ್ಲಿ ಹುಟ್ಟಿದ ವರ್ಷದ ಕೊನೆಯ ಅಂಕಿ ತಪ್ಪಿತ್ತು. ಅವರು ಜೇಬಿನಿಂದ ತಮ್ಮ ಚೀಟಿ ತೆಗೆದು ಪಕ್ಕದಲ್ಲಿಟ್ಟುಕೊಂಡರು. ಎರಡು ಸಲ ಓದಿದರು.

"ತಪ್ಪಿಲ್ದಿರೋ ಮೂರೂ ಫ್ಯಾನಿಂದು" ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಆ ಹುಡ್ಗಿ ಟಿಸಿಲೂ ಹಿಂಗೇ, ವರ್ಷದ ಕೊನೇ ಅಂಕಿ."

ಗೌಡರು, "ಇನ್ನೇನ್ರೀ ಮೇಷ್ಟ್ರೆ?" ಎಂದರು.

"ಇನ್ನೇನಿಲ್ಲ ಸಾರ್." ಹೆಡ್‌ಮಾಸ್ಟರು ಧರ್ಮಪ್ಪನವರ ಹತ್ತಿರ ಹೋಗಿ ಭುಜ ಮುಟ್ಟಿದರು. "ಧರ್ಮಪ್ಪನೋರೆ, ನಾಳೆಯಿಂದ ನಿಮ್ಮ ಟೇಬಲ್ಲಿಗೆ ಬಂದ್ಬುಡಿ. ಈ ಮಿಷನ್ನೇ ಇಟ್ಕೊಳ್ಳಿ."

"ಬರ್ತೀನಿ ಸಾರ್" ಎಂದರು ಧರ್ಮಪ್ಪ. ಎದ್ದೇಳಲಿಲ್ಲ. "ಪುಸ್ತಕದಾಗೆ ಬರ್ದಿದ್ದು?"

ಹೆಡ್‌ಮಾಸ್ಟರು ಗೌಡರ ಮುಖ ನೋಡಿದರು. ಸೇವಾ ಪುಸ್ತಕದ ಹಾಳೆ ಹರಿಯಲು ಬರುವುದಿಲ್ಲ, ಬರೆದದ್ದನ್ನು ಅಳಿಸಲೂ ಬರುವುದಿಲ್ಲ. ಗೌಡರು, "ಅದರ ಕೆಳ್ಗೆ ಇನ್ನೊಂದು ಬರೀರಿ. ವನಜಾಕ್ಷಿ ಸಹಿ ಮಾಡ್ತಾಳೆ, ನಾನೂ ಮಾಡ್ತೀನಿ" ಎಂದರು.

ನನ್ನ ಅರ್ಧ ಪುಟದ ಕೊನೆಯ ಸಾಲು ಅಂದು ಬಂದದ್ದು. ಯಂತ್ರದ ಬಗ್ಗೆ ಸಹಿ ಮಾಡುವ ಮೊದಲು, ಅದನ್ನು ಬಳಸುವವರ ಪಕ್ಕದಲ್ಲಿ ಅವರು ಕೆಲಸ ಮಾಡುವುದನ್ನು ನೋಡುತ್ತಾ ಒಂದು ಗಂಟೆ ಕುಳಿತಿರಬೇಕು. ಆಮೇಲಿನ ವರ್ಷಗಳಲ್ಲಿ ಹೀಗೆ ಕುಳಿತದ್ದರಿಂದ ಬಹಳ ಸಲ ಏನೂ ಸಿಗಲಿಲ್ಲ, ಗಂಟೆ ವ್ಯರ್ಥವಾಯಿತು. ಆದರೂ ಬಿಡಲಿಲ್ಲ. ಹೊಸಬರಿಗೆ ಹೇಳುವುದಿಷ್ಟೇ. ಆ ಗಂಟೆಯನ್ನು ಉಳಿಸಲು ಹೋಗಬೇಡಿ. ಎದುರಿಗಿರುವವರು ತಾವಾಗಿಯೇ "ತೋರಿಸ್ತೀನಿ" ಎಂದರಂತೂ ಅವರನ್ನು ಎದ್ದೇಳಿ ಎನ್ನಬೇಡಿ.

ಹೊಸ ಷರಾ ಬರೆಯುವುದು ಒಂದು ವಾರ ತಡವಾಯಿತು. ಗೌಡರ ಸಹಿ ಆದ ಮೇಲೆ ನಾನೇ ಪುಸ್ತಕ ತೆಗೆದುಕೊಂಡು ಬಾಳ್ಳುಪೇಟೆಗೆ ಹೋದೆ. ಧರ್ಮಪ್ಪ ಮೇಜಿನ ಮುಂದೆ ಇದ್ದರು. ಇಯರ್‌ಫೋನ್ ತೆಗೆದು, "ಓದಿ ಮೇಡಂ" ಎಂದರು.

ಮೊದಲಿನದನ್ನೂ ಓದಿದೆ, ಎರಡನೆಯದನ್ನೂ ಓದಿದೆ. ಎರಡನೆಯದು ನಾನೇ ಬರೆದ ವಾಕ್ಯ: "ಮೇಲಿನ ಷರಾಕ್ಕೆ ಆಧಾರವಾದ ಪರೀಕ್ಷೆ ಸರಿಯಾಗಿರಲಿಲ್ಲ. ಶ್ರೀ ಧರ್ಮಪ್ಪನವರ ಕೆಲಸದಲ್ಲಿ ಕಂಡುಬಂದ ನಿಧಾನ ಮತ್ತು ತಪ್ಪುಗಳಿಗೆ ಕಾರಣ ಅವರಲ್ಲ, ನಾನು ಆರಿಸಿದ ಯಂತ್ರ."

"ನಿಮ್ಮ ಸಹಿ ಎಲ್ಲೈತೆ?" ಎಂದು ಕೇಳಿದರು.

ಅವರ ಬೆರಳು ಹಿಡಿದು ಹಾಳೆಯ ಮೇಲೆ ಆ ಜಾಗದಲ್ಲಿಟ್ಟೆ. ಪೆನ್ನು ಒತ್ತಿ ಬರೆದದ್ದರಿಂದ ಹಾಳೆ ಅಲ್ಲಿ ಸ್ವಲ್ಪ ತಗ್ಗಾಗಿತ್ತು. ಅವರು ಬೆ‌ರಳನ್ನು ಆ ತಗ್ಗಿನ ಮೇಲೆ ಒಂದು ಸಲ ಆಚೆಗೆ, ಒಂದು ಸಲ ಈಚೆಗೆ ಎಳೆದರು.

"ಸರಿ" ಎಂದರು. "ಕೂತ್ಕೊಳ್ಳಿ ಮೇಡಂ. ಹೊರಗೆ ಟಿಸಿಗೆ ಒಬ್ರು ಕಾಯ್ತಾ ಅವ್ರೆ, ಅದೊಂದು ಮುಗಿಸ್ಬುಟ್ಟು ಕಾಫಿಗೆ ಹೋಗಣ."

ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕುಳಿತೆ. ಅವರು ಕೀಲಿಮಣೆಯ ಮೇಲೆ ಕೈಯಿಟ್ಟರು.